ಕರಿಮುಗಿಲನನ್ನು ಹಿಂದಿನಿಂದ ಓದಿದ ವರ್ಷ

ಪಾರ್ಸೆಲ್ ನನ್ನ ಕೈಯಿಂದಲೇ ಹಾದುಹೋಯಿತು. ಹುಮನಾಬಾದಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಎಷ್ಟೋ ವರ್ಷವಾಯಿತು, ಯಾರ ಪೊಟ್ಟಣದಲ್ಲಿ ಏನಿದೆ ಎಂದು ಕೇಳುವ ಚಾಳಿ ನನಗಿಲ್ಲ. ಆದರೆ ಇದು ನನ್ನ ತಂಗಿಯ ಮಗಳು ಪಲ್ಲವಿಯ ಹೆಸರಿಗೆ ಬಂದಿತ್ತು, ಇಟ್ಟಿಗೆಯಷ್ಟು ಭಾರವಿತ್ತು. ಸಂಜೆ ಅವಳು ಮನೆಗೆ ಬಂದು ನನ್ನೆದುರಿಗೇ ಬಿಚ್ಚಿದಳು. ಒಳಗೆ ಗಟ್ಟಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ‘ಕರಿಮುಗಿಲ’ ಚಿತ್ರಕಥೆಯ ಮೊದಲ ಹನ್ನೆರಡು ಸಂಚಿಕೆಗಳು, ಹೊಸ ಮುದ್ರಣ, ನುಣುಪಾದ ಕಾಗದ.

“ದೊಡ್ಡವ್ವಾ, ನೀ ಸಣ್ಣಾಕಿ ಇದ್ದಾಗ ಇವನ್ನ ಭಾಳ ಓದತಿದ್ದಿ ಅಂತ ಅವ್ವ ಹೇಳ್ತಾಳ. ತಗೋ, ಮೊದಲ ನೀನ ಓದು,” ಎಂದು ಪೆಟ್ಟಿಗೆ ನನ್ನ ಮಡಿಲಿಗೆ ಹಾಕಿದಳು.

ಕರಿಮುಗಿಲ ಯಾರೆಂದು ನನ್ನ ವಾರಿಗೆಯವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಮಾದೇವ ಎಂಬ ವಿದ್ಯುತ್ ಲೈನ್‌ಮನ್ ಮಳೆಯಲ್ಲಿ ಕಂಬ ಹತ್ತಿದಾಗ ಸಿಡಿಲು ಬಡಿಯುತ್ತದೆ. ಸಾಯುವ ಬದಲು ಅವನಿಗೆ ಶಕ್ತಿ ಬರುತ್ತದೆ. ಆಮೇಲೆ ಅವನು ತನ್ನ ಕಪ್ಪು ರೇನ್‌ಕೋಟನ್ನೇ ಬೆನ್ನಿಗೆ ಕಟ್ಟಿಕೊಂಡು ಆಕಾಶದಲ್ಲಿ ಹಾರಾಡುತ್ತ ದುಷ್ಟರನ್ನು ಬಡಿಯುತ್ತಾನೆ. ಹಾರುವವರ ಕಥೆಗಳು ಬೇಕಾದಷ್ಟಿವೆ. ಆದರೆ ನಮ್ಮವನ ಕಾಲಲ್ಲಿ ಕೊನೆಯವರೆಗೂ ಲೈನ್‌ಮನ್ನನ ಅದೇ ಹರಿದ ಬೂಟುಗಳು ಇರುತ್ತಿದ್ದವು. ಅದಕ್ಕೇ ಅವನು ನಮ್ಮವನು.

ಭಾನುವಾರ ಇಡೀ ದಿನ ಕೂತು ಹನ್ನೆರಡನ್ನೂ ಓದಿದೆ. ಮೊದಲ ಪುಟದಲ್ಲೇ ಯಾರೋ ಒಬ್ಬರು ಮುನ್ನುಡಿ ಬರೆದಿದ್ದರು. ಆರಂಭದ ಸಂಚಿಕೆಗಳು ಕಚ್ಚಾ ಅಂತೆ. ಮೊದಲನೆಯದಂತೂ ಕೈ ಪಳಗದವರ ಕೆಲಸವಂತೆ. ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ನಾಯಕ ಪೂರ್ತಿ ಮೈದುಂಬುತ್ತಾನಂತೆ, ಅಲ್ಲಿಯವರೆಗೆ ಓದುಗರು ತಾಳ್ಮೆ ತೋರಬೇಕಂತೆ. ಓದಿ ನನಗೆ ಮೈ ಉರಿಯಿತು. ಮೊದಲನೆಯ ಸಂಚಿಕೆಯನ್ನು ಕ್ಷಮಿಸಿಬಿಡಿ ಎನ್ನುವುದಕ್ಕೆ ಇವರು ಯಾರು? ಪುಟಗಳಿಗೆ ಮೂಗು ಹಚ್ಚಿ ನೋಡಿದೆ. ಏನೂ ವಾಸನೆಯಿಲ್ಲ. ನನ್ನ ಕಪಾಟಿನಲ್ಲಿರುವ ಹಳೆಯ ಕರಿಮುಗಿಲನಿಗೆ ಈಗಲೂ ಮೈದಾ ಅಂಟಿನ ವಾಸನೆಯಿದೆ, ಹುಳ ಬೀಳಬಾರದೆಂದು ಅದರಲ್ಲಿ ಕಲಸಿದ ಮೈಲುತುತ್ತದ ವಾಸನೆಯಿದೆ. ಅದನ್ನು ತೆರೆದರೆ ಸಾಕು, ಬಸವಕಲ್ಯಾಣದ ಆ ಒಂದು ವರ್ಷ ಎದುರಿಗೆ ಬಂದು ಕೂರುತ್ತದೆ.

ಆ ವರ್ಷ ನಾನು ಎಸ್ಸೆಸ್ಸೆಲ್ಸಿ ನಪಾಸಾದೆ. ಕನ್ನಡದಲ್ಲಿ ಇಡೀ ತರಗತಿಗೆ ಮೊದಲು, ಗಣಿತದಲ್ಲಿ ಡಬ್ಬಿ. ಕೋಟೆಯ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಅಪ್ಪ, ಅವರ ಅಣ್ಣ, ಇಬ್ಬರ ಸಂಸಾರವೂ ಒಂದೇ ಸೂರಿನಡಿ. ಮನೆಯ ಮಾತು ಅಂದರೆ ದೊಡ್ಡಪ್ಪನ ಮಾತು. ಅಪ್ಪ ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಸಂಜೆ ಅಂಗಿಯ ತುಂಬ ರಸಾಯನದ ಘಾಟು ಹೊತ್ತು ಬರುತ್ತಿದ್ದರು. ಅಣ್ಣನಿಗೆ ಎದುರಾಡಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. “ಅಣ್ಣ ಹೇಳ್ದಂಗ” ಎನ್ನುವುದರಲ್ಲಿ ಅವರ ಎಲ್ಲ ಅಭಿಪ್ರಾಯವೂ ಮುಗಿಯುತ್ತಿತ್ತು.

ಫಲಿತಾಂಶ ಬಂದ ದಿನ ಪೇಪರು ಕಷ್ಟವಿತ್ತು ಎಂದೆ. ದೊಡ್ಡಪ್ಪ ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕೂತಿದ್ದರು.

“ಕುಣಿಲಾರದಾಕಿ ನೆಲ ಡೊಂಕು ಅಂದಳಂತ,” ಎಂದರು. “ಇಡೀ ದಿನ ಆ ಹಾರೋ ಗಂಡಸಿನ ಚಿತ್ರ ನೋಡ್ಕೋತ ಕುಂತ್ರ ಲೆಕ್ಕ ಹ್ಯಾಂಗ ಬರ್ತಾವ? ಸಾಕು ಇನ್ನ. ಹೊಲಿಗಿ ಕಲಿ. ನಾ ಒಂದ ಛಲೋ ಮನಿ ನೋಡ್ತೀನಿ.”

ಆ ಹಾರುವ ಗಂಡಸು ನಮ್ಮ ಮನೆಗೆ ಬಂದದ್ದು ದೊಡ್ಡಪ್ಪನ ಮಗ ಸಿದ್ದುವಿನಿಂದ. ಅವನು ಹೈಸ್ಕೂಲಿನಲ್ಲಿದ್ದಾಗ ಹನ್ನೆರಡು ಸಂಚಿಕೆ ಕೂಡಿಟ್ಟಿದ್ದ. ಮುಖಪುಟಗಳನ್ನು ಹರಿದು ಗೋಡೆಗೆ ಅಂಟಿಸಿಕೊಂಡಿದ್ದ. ಆ ಬೇಸಿಗೆಯಲ್ಲೇ ಡಿಪ್ಲೊಮಾ ಓದಲು ಬೀದರಿಗೆ ಹೋಗುವಾಗ ಉಳಿದ ಮೈಯನ್ನು ನನಗೆ ಕೊಟ್ಟು ಹೋದ. ಅವನು ಓದುವಾಗ ಅದು ಹವ್ಯಾಸವಾಗಿತ್ತು, ನಾನು ಓದಿದಾಗ ಚಟವಾಯಿತು. ಬಿಡಿ ಸಂಚಿಕೆಗಳು ಯಾವತ್ತಾದರೂ ರದ್ದಿಗೆ ಹೋಗುತ್ತವೆಂದು ನನಗೆ ಗೊತ್ತಿತ್ತು. ರಟ್ಟು ಹಾಕಿದ ಪುಸ್ತಕವನ್ನು ರದ್ದಿಗೆ ಹಾಕಲು ನಮ್ಮ ಮನೆಯಲ್ಲಿ ಎಲ್ಲರಿಗೂ ಸ್ವಲ್ಪ ಅಳುಕಿತ್ತು, ಒಳಗೆ ಏನಿದೆಯೋ ಏನೋ ಎಂದು. ಹಾಗಾಗಿ ಉಸ್ಮಾನ್ ಚಾಚಾನ ಹತ್ತಿರ ಹೋದೆ.

ಉಸ್ಮಾನ್ ಚಾಚಾ ನನ್ನ ಗೆಳತಿ ಜರೀನಾಳ ಅಪ್ಪ. ಪುಸ್ತಕಗಳಿಗೆ ಜಿಲ್ದ್ ಕಟ್ಟುವುದು ಅವರ ಮನೆತನದ ಕಸುಬು. ಹಳೆಯ ಉರ್ದು ದಫ್ತರುಗಳು, ಮಸೀದಿಯ ಕಿತಾಬುಗಳು, ಓಣಿಯ ಮಕ್ಕಳ ಪಾಠಪುಸ್ತಕಗಳು, ಎಲ್ಲವೂ ಅವರ ಕೈಯಲ್ಲೇ ಗಟ್ಟಿಯಾಗುತ್ತಿದ್ದವು. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಹಸಿರು ಬಟ್ಟೆಯ ಬೆನ್ನಿನ ದಪ್ಪ ಪುಸ್ತಕ ಕೈಗಿಟ್ಟರು. ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವುದಿಲ್ಲ ಎಂದರು. ಆ ಮಾತು ನಿಜವಾಗಿದೆ.

ಜೂನಿನಲ್ಲಿ ಮಿರಗದ ಮಳೆ ಹಿಡಿದ ದಿನಗಳಲ್ಲಿ ಆ ಪುಸ್ತಕ ಓದಲು ಶುರುಮಾಡಿದೆ. ಸಿದ್ದು ಮನೆಯಲ್ಲಿದ್ದಾಗ ಗೋಡೆಯ ಮೇಲಿನ ಮುಖಪುಟಗಳನ್ನೇ ನೋಡುತ್ತ ಕೂರುತ್ತಿದ್ದೆ, ಒಳಗಿನ ಕಥೆಯನ್ನು ಒಂದೆರಡು ಸಂಚಿಕೆಯಲ್ಲಷ್ಟೇ ಕದ್ದು ಓದಿದ್ದೆ. ಈಗ ಮೊದಲಿನಿಂದ ಕ್ರಮವಾಗಿ ಓದುತ್ತೇನೆಂದು ಪಣ ತೊಟ್ಟೆ. ಬೆಳಿಗ್ಗೆ ಹೊಲಿಗೆ ಕ್ಲಾಸು, ಮಧ್ಯಾಹ್ನ ಮನೆಗೆಲಸ, ಅದಾದ ಮೇಲೆ ಅಟ್ಟದ ಕಿಟಕಿಯ ಹತ್ತಿರ ಕರಿಮುಗಿಲ. ಮೊದಲ ಕಥೆಯಲ್ಲಿ ಅವನು ಒಡೆಯಲಿರುವ ಅಣೆಕಟ್ಟಿಗೆ ಹೆಗಲು ಕೊಟ್ಟು ನಿಂತಿದ್ದ, ಯಂತ್ರಗಳ ಸೈನ್ಯವನ್ನು ಒಂದೇ ಸಿಡಿಲಿನಲ್ಲಿ ಸುಟ್ಟಿದ್ದ. ಎರಡನೆಯದರಲ್ಲಿ ಹಾರುತ್ತಿದ್ದ, ಆದರೆ ಅಷ್ಟು ಎತ್ತರಕ್ಕಲ್ಲ. ಐದಾರು ಕಥೆ ದಾಟುವಷ್ಟರಲ್ಲಿ ಹಾರಾಟ ನಿಂತು ಬರೀ ಜಿಗಿತ ಉಳಿಯಿತು. ನಡುವೆ ಅವನ ಮುಖವೇ ಬದಲಾಯಿತು, ಗದ್ದ ಸಣ್ಣದಾಯಿತು, ಕಣ್ಣು ಗುಳಿಬಿದ್ದವು. ಪಾಪ, ಏನೋ ಜಡ್ಡು ಬಂದಿದೆ ಎಂದುಕೊಂಡೆ. ಶತ್ರುಗಳೂ ಸಣ್ಣವರಾಗುತ್ತ ಬಂದರು. ಭೂಮಿಯನ್ನೇ ನುಂಗಲು ಬಂದವರು ಹೋಗಿ ಬ್ಯಾಂಕು ದೋಚುವವರು ಬಂದರು, ಅವರೂ ಹೋಗಿ ತಂತಿ ಕದಿಯುವವರು ಬಂದರು. ಕಟ್ಟಕಡೆಯ ಕಥೆಯಲ್ಲಿ ಅವನ ಶತ್ರು ಯಾರು? ಎಲ್ಲರೆದುರಿಗೆ ಅವನನ್ನು ಬೈಯುವ ಕಚೇರಿಯ ಒಬ್ಬ ಸಾಹೇಬ.

ಆ ಕಡೆಯ ಕಥೆಯಲ್ಲಿ ಅವನಲ್ಲಿ ಏನೂ ಉಳಿದಿಲ್ಲ. ಬರೀ ಮಾದೇವ. ಜೊತೆಗಾರನೊಬ್ಬ ಕಂಬದ ಮೇಲೆ ಸತ್ತದ್ದನ್ನು ಕಂಡು ಏಣಿ ಮುಟ್ಟಲೂ ಹೆದರುತ್ತಾನೆ. ಸಾಹೇಬ ಹೇಡಿ ಎನ್ನುತ್ತಾನೆ, ಊರವರು ನಗುತ್ತಾರೆ. ಬಿರುಮಳೆಯಲ್ಲಿ ಆಸ್ಪತ್ರೆಗೆ ಕರೆಂಟು ಹೋಗುತ್ತದೆ, ಬೇರೆ ಯಾರೂ ಇಲ್ಲ. ಅವನು ನಡುಗುತ್ತಲೇ ಹತ್ತುತ್ತಾನೆ. ಚಿತ್ರದಲ್ಲಿ ಕೈಗಳು ಸರಿಯಾಗಿ ಮೂಡಿರಲಿಲ್ಲ, ಒಂದು ಕೈಗೆ ಆರು ಬೆರಳಿದ್ದಂತಿತ್ತು. ಕೆಂಪು ಬಣ್ಣ ಗೆರೆ ದಾಟಿ ತುಟಿಯಿಂದ ಕೆನ್ನೆಗೆ ಇಳಿದಿತ್ತು. ಸಿಡಿಲು ಬಡಿಯುತ್ತದೆ, ಬೀಳುತ್ತಾನೆ, ಎದ್ದು ನಿಲ್ಲುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು. ನಾನು ಅತ್ತೆ. ಅಷ್ಟು ದೊಡ್ಡ ಮನುಷ್ಯ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಂಡ, ತಾನು ಹಾರುತ್ತಿದ್ದುದೂ ಅವನಿಗೆ ನೆನಪಿಲ್ಲ, ಆದರೂ ಹತ್ತಿದನಲ್ಲ ಎಂದು ಅತ್ತೆ. ಮರುದಿನ ಸಿದ್ದುವಿನ ಹಳೆಯ ಗಣಿತದ ಗೈಡು ಹುಡುಕಿ ತೆಗೆದೆ.

ಅಕ್ಟೋಬರ್ ಪರೀಕ್ಷೆಗೆ ಫಾರಂ ತುಂಬಿದ್ದನ್ನು ದೊಡ್ಡಪ್ಪ ತಡೆಯಲಿಲ್ಲ. ಅಷ್ಟರಲ್ಲಿ ಮದುವೆ ಗೊತ್ತಾಗಿ ಹುಡುಗಿ ತಾನೇ ಮರೆಯುತ್ತಾಳೆಂದು ನಂಬಿದ್ದರು. ಹೆಸರುಕಾಳಿನ ರಾಶಿ ಮನೆಗೆ ಬಂದಾಗ ಅವ್ವನೂ ನಾನೂ ಮೊರ ಹಿಡಿದು ಕೂತೆವು. ಮೊರದ ಪಕ್ಕದಲ್ಲಿ ಗೈಡು ತೆರೆದಿಟ್ಟು ಸೂತ್ರ ಬಾಯಿಪಾಠ ಮಾಡುತ್ತಿದ್ದೆ. ಅದರಡಿಯಲ್ಲಿ ಹಸಿರು ಪುಸ್ತಕವಿದ್ದುದು ದೊಡ್ಡಪ್ಪನ ಕಣ್ಣಿಗೆ ಬಿತ್ತು. ನಾನು ಎಣಿಸಿದ್ದ ರಟ್ಟಿನ ಅಳುಕು ಅವರೊಬ್ಬರಿಗೆ ಇರಲಿಲ್ಲ. “ನಾಳೆ ಇದು ಒಲಿಗಿ ಹೋಗ್ಬೇಕು,” ಎಂದರು. ನಾನು ಅವತ್ತೇ ಸೆರಗಿನಲ್ಲಿ ಸುತ್ತಿಕೊಂಡು ಉಸ್ಮಾನ್ ಚಾಚಾನ ಅಂಗಡಿಗೆ ಒಯ್ದು ಇಟ್ಟೆ.

ವಾರ ಬಿಟ್ಟು ಹೋದಾಗ ಚಾಚಾನ ಮುಖ ಸಪ್ಪಗಿತ್ತು. ಜರೀನಾ ಬಾಯಿಗೆ ಓಢಣಿ ಅಡ್ಡ ಹಿಡಿದು ನಗುತ್ತಿದ್ದಳು. ಅಪ್ಪ ಕೆಲಸ ಮಾಡುವಾಗ ಬೇಸರ ಕಳೆಯಲೆಂದು ಅವಳು ನನ್ನ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿದ್ದಳು.

“ಕೂಡು ಬೇಟಿ,” ಎಂದರು ಚಾಚಾ. “ನನ್ನ ಕಡಿಂದ ಒಂದ ಗಲತಿ ಆಗ್ಯಾದ. ಮೊದಲ ಅಂವ ಮುಗಿಲಾಗ ಹಾರ್ತಾನ, ಕಡೀಕ ಕಂಬ ಹತ್ತಾಕ ಅಂಜ್ತಾನ. ಇದು ಹ್ಯಾಂಗ ಅಂತ ವಿಚಾರ ಮಾಡ್ದೆ. ನನ್ನ ಕೈ ಉರ್ದು ಕಿತಾಬಿನ ಕೈ ನೋಡು. ಉರ್ದು ಕಿತಾಬು ಬಲಕ್ಕಿಂದ ತೆರೀತದ. ನಿನ್ನ ಹನ್ನೆರಡೂ ಹಂಗ ಜೋಡಿಸೀನಿ. ಮ್ಯಾಲಿನ ಹಾಳಿ ಇದ್ದಿದ್ರ ಚಿತ್ರ ನೋಡಿ ತಿಳ್ಕೋತಿದ್ದೆ, ಅವೂ ಇರ್ಲಿಲ್ಲ.”

ಒಂದೊಂದು ಸಂಚಿಕೆಯ ಪುಟಗಳು ಸರಿಯಾಗಿದ್ದವು, ಹನ್ನೆರಡು ಸಂಚಿಕೆಗಳ ಸಾಲು ಮಾತ್ರ ತಿರುಗುಮುರುಗು. ನಾನು ಹನ್ನೆರಡರಿಂದ ಒಂದಕ್ಕೆ ಓದಿದ್ದೆ.

“ಬಿಚ್ಚಿ ಮತ್ತ ಕಟ್ಟಿಕೊಡ್ತೀನಿ. ಇಷ್ಟ ವರ್ಷದಾಗ ನನ್ನ ಕೈಯಿಂದ ಹೋದ ಒಂದ ಜಿಲ್ದೂ ವಾಪಸ್ ಬಂದಿಲ್ಲ,” ಎನ್ನುತ್ತ ಚಾಚಾ ಚಾಕು ತೆಗೆದುಕೊಂಡರು.

“ಬಿಚ್ಚಬ್ಯಾಡ್ರಿ ಚಾಚಾ.”

“ಯಾಕ? ಉಲ್ಟಾ ಅದ ಅಲ್ಲ.”

“ಉಲ್ಟಾನೇ ಇರ್ಲಿ. ನನಗ ಹಿಂಗ ಬೇಕು.”

ಪುಸ್ತಕದ ಒಂದು ತುದಿ ಅವರು ಹಿಡಿದಿದ್ದರು, ಇನ್ನೊಂದು ನಾನು. ಕಸುಬುದಾರನ ಮಾನದ ಪ್ರಶ್ನೆ ಅವರಿಗೆ, ನನಗೆ ಯಾವ ಪ್ರಶ್ನೆ ಎಂದು ಆಗ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಅವರೇ ಕೈ ಬಿಟ್ಟರು. ಇದನ್ನು ತಾವು ಕಟ್ಟಿದ್ದೆಂದು ಯಾರ ಮುಂದೆಯೂ ಹೇಳಕೂಡದು ಎಂದು ಮಾತು ತೆಗೆದುಕೊಂಡರು. ಚಾಚಾ ಈಗಿಲ್ಲ, ಮಾತು ಮುರಿದಿದ್ದೇನೆ, ಕ್ಷಮಿಸಲಿ.

ಆಗ ಬಾರದ ಮಾತನ್ನು ಈಗ ಹೇಳುತ್ತೇನೆ. ಪಲ್ಲವಿಯ ಪೆಟ್ಟಿಗೆಯಲ್ಲಿ ಕ್ರಮ ಸರಿಯಿದೆ, ಬಣ್ಣ ಗೆರೆಯೊಳಗಿದೆ, ಆರನೆಯ ಬೆರಳನ್ನು ಅಳಿಸಿದ್ದಾರೆ. ಹೆದರುಪುಕ್ಕನೊಬ್ಬ ತಿಂಗಳು ತಿಂಗಳಿಗೂ ಬಲಿಯುತ್ತಾನೆ, ಕೊನೆಗೆ ಅಣೆಕಟ್ಟಿಗೆ ಹೆಗಲು ಕೊಡುತ್ತಾನೆ. ಇದರಲ್ಲಿ ಏನು ದೊಡ್ಡಸ್ತಿಕೆ? ಅಷ್ಟು ಬಲವಿದ್ದರೆ ಅಣೆಕಟ್ಟಿಗೆ ನಾನೂ ಹೆಗಲು ಕೊಟ್ಟೇನು. ಚಿತ್ರಕಾರರು ಆಗ ಹೊಸಬರು, ಕೈ ಪಳಗಿರಲಿಲ್ಲ, ಒಪ್ಪುತ್ತೇನೆ. ಆದರೆ ಹೆದರಿದ ಮನುಷ್ಯನನ್ನು ಹೆದರಿದ ಕೈಯೇ ಅಷ್ಟು ಚೆನ್ನಾಗಿ ಬರೆಯಬಲ್ಲದು. ಆಮೇಲಿನ ಹನ್ನೊಂದರಲ್ಲಿ ಅಂಥ ಒಂದು ಚಿತ್ರವೂ ಇಲ್ಲ. ಮುನ್ನುಡಿ ಬರೆದ ಪುಣ್ಯಾತ್ಮರಿಗೆ ನನ್ನ ಪ್ರತಿಯನ್ನು ಒಮ್ಮೆ ತೋರಿಸಬೇಕೆನಿಸುತ್ತದೆ.

ಹಸ್ತಾ ಮಳೆ ಸುರಿಯುತ್ತಿದ್ದಾಗ ದೊಡ್ಡಪ್ಪ ಸುದ್ದಿ ತಂದರು. ಉಮರ್ಗಾ ಕಡೆಯವರು ಹುಡುಗಿ ನೋಡಲು ಬರುತ್ತಾರೆ. ಅವರು ಹೇಳಿದ ದಿನವೇ ನನ್ನ ಗಣಿತದ ಪರೀಕ್ಷೆ, ಹುಮನಾಬಾದಿನ ಕೇಂದ್ರದಲ್ಲಿ.

“ದೊಡ್ಡಪ್ಪಾ, ಅವತ್ತ ನನ್ನ ಪರೀಕ್ಷಾ ಅದ ರಿ.”

“ಗೊತ್ತದ,” ಎಂದರು. “ಪರೀಕ್ಷಾ ವರ್ಷಕ್ಕ ಎರಡ ಸಲ ಬರ್ತದ. ಇಂಥಾ ಮನಿ ಎರಡ ಸಲ ಬರಂಗಿಲ್ಲ. ಗಾಳಿ ಬಂದಾಗ ತೂರ್ಕೋಬೇಕು.”

ಅಪ್ಪನ ಕಡೆ ನೋಡಿದೆ. ಅವರು ಬೂಟಿನ ಲೇಸು ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. “ಅಣ್ಣ ಹೇಳ್ದಂಗ,” ಎಂದರು. ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ದೊಡ್ಡಪ್ಪನ ಮೇಲೂ ಬಂದಿರಲಿಲ್ಲ.

ಆ ದಿನ ಅಪ್ಪ ಎಂದಿನಂತೆ ಬುತ್ತಿ ಹಿಡಿದು ಹೊರಟರು. ಅವ್ವ ನನಗೆ ತನ್ನ ಹಸಿರು ಇಳಕಲ್ ಸೀರೆ ಉಡಿಸಿ, ಬಿಗಿಯಾಗಿ ಜಡೆ ಹೆಣೆದಳು. ಕನ್ನಡಿಯಲ್ಲಿ ನನ್ನ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿದಿರಬೇಕು. “ಏನರ ಮಾಡ್ಕೋ, ಜಡಿ ಬಿಚ್ಚಬ್ಯಾಡ,” ಎಂದು ಒಳಗೆ ಹೋದಳು. ನಾನು ಹಾಲ್ ಟಿಕೆಟನ್ನೂ ಕಂಪಾಸ್ ಪೆಟ್ಟಿಗೆಯನ್ನೂ ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಬಾಗಿಲಿನಿಂದ ಹೊರಬಿದ್ದೆ. ಪಾಸಾಗುತ್ತೇನೆಂಬ ಧೈರ್ಯ ನನಗಿರಲಿಲ್ಲ. ರೇಖಾಗಣಿತ ತಿಳಿದಿತ್ತು, ಬೀಜಗಣಿತ ಅರ್ಧ ತಿಳಿದಿತ್ತು, ಉಳಿದದ್ದು ದೇವರಿಗೆ ಬಿಟ್ಟದ್ದು. ಆದರೆ ಏಣಿಯ ಬುಡದಲ್ಲಿ ಕೂತು ಹೇಡಿ ಅನ್ನಿಸಿಕೊಳ್ಳುವುದು ನನಗೆ ಸಾಧ್ಯವಿರಲಿಲ್ಲ. ಮಳೆಯಲ್ಲಿ ಮದುಮಗಳ ಹಾಗೆ ಸಿಂಗರಿಸಿಕೊಂಡು ಓಡುತ್ತಿದ್ದವಳನ್ನು ಇಡೀ ಬಜಾರು ನೋಡಿತು. ನೋಡಲಿ.

ಬಸ್ಸು ಹೊರಡುವುದರಲ್ಲಿತ್ತು. ಹತ್ತಿದೆ. ಮೂರನೆಯ ಸೀಟಿನಲ್ಲಿ ಅಪ್ಪ.

“ಎಲ್ಲಿ ಹೊಂಟಿ?”

“ಪರೀಕ್ಷಾಕ್ಕ.”

ಅವರು ಕಿಟಕಿಯ ಹೊರಗೆ ನೋಡತೊಡಗಿದರು. ಬಂಗ್ಲಾ ಕ್ರಾಸ್ ಬಂತು, ಬಸ್ಸು ಹೆದ್ದಾರಿಗೆ ಹೊರಳಿತು, ಎರಡೂ ಕಡೆ ತೊಗರಿ ಹೊಲಗಳು ನೀರಲ್ಲಿ ನಿಂತಿದ್ದವು. ಇಳಿಸುತ್ತಾರೆ, ಈಗ ಇಳಿಸುತ್ತಾರೆ ಎಂದು ನಾನು ಕಂಬಿ ಹಿಡಿದು ನಿಂತೇ ಇದ್ದೆ. ಕಂಡಕ್ಟರ್ ಬಂದ. ಅಪ್ಪ ತಮ್ಮ ಪಾಸು ತೋರಿಸಿದರು. “ಈ ಹುಡುಗಿಗಿ ಒಂದು ಹುಮನಾಬಾದ್,” ಎಂದರು. ಆಮೇಲೆ ಕಿಟಕಿಯ ಕಡೆ ಸರಿದು ಜಾಗ ಮಾಡಿದರು.

ಪರೀಕ್ಷಾ ಕೇಂದ್ರದ ಗೇಟಿನವರೆಗೂ ಬಂದರು. ಒಳಗೆ ಹುಡುಗರು ನನ್ನ ಸೀರೆ ನೋಡಿ ಕಿಸಿಕಿಸಿ ನಕ್ಕರು. ಮೇಲ್ವಿಚಾರಕಿ ಎರಡು ಸಲ ಹಾಲ್ ಟಿಕೆಟ್ ನೋಡಿದರು. ನಾನು ಬಳೆಗಳನ್ನು ಮೇಲೆ ಸರಿಸಿಕೊಂಡು ಬರೆಯಲು ಕೂತೆ. ಗಂಟೆ ಬಾರಿಸುವವರೆಗೂ ಪೆನ್ನು ಕೆಳಗಿಡಲಿಲ್ಲ. ಬಂದದ್ದನ್ನು ಬರೆದೆ, ಬಾರದ್ದನ್ನೂ ಬರೆದೆ. ಹೊರಗೆ ಬಂದರೆ ಅಪ್ಪ ಎದುರಿನ ಚಹಾದಂಗಡಿಯ ಚಪ್ಪರದ ಕೆಳಗೆ ನಿಂತಿದ್ದರು. ಡ್ಯೂಟಿಗೆ ಹೋಗಿರಲಿಲ್ಲ. ಬುತ್ತಿಯನ್ನೂ ಬಿಚ್ಚಿರಲಿಲ್ಲ.

“ಹ್ಯಾಂಗ ಬರ್ದಿ?”

“ಛಲೋ ಬರ್ದಿಲ್ಲ ಅಪ್ಪಾ.”

“ಬರ್ದಿ ಅಲ್ಲ?”

“ಪೂರಾ ಬರ್ದೆ.”

“ಹಂಗಾದ್ರ ಉಣ್ಣು,” ಎಂದು ಬುತ್ತಿ ಬಿಚ್ಚಿದರು. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ರೊಟ್ಟಿ ತಿಂದೆವು.

ಮನೆಗೆ ಬರುವಷ್ಟರಲ್ಲಿ ಉಮರ್ಗಾದವರು ಉಪ್ಪಿಟ್ಟು ತಿಂದು, ಬರಿಗೈಯಲ್ಲಿ ಹೋಗಿದ್ದರು. ದೊಡ್ಡಪ್ಪ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟರು. ದೀಪಾವಳಿ ಬಂತು, ಹೋಯಿತು, ಮಾತಿಲ್ಲ. ಓಣಿಯವರೆಲ್ಲ ದೊಡ್ಡಪ್ಪನ ಪರವಾಗಿ ಆಡಿಕೊಂಡರು. ನೋಡಲು ಬಂದವರ ಎದುರಿಗೆ ಓಡಿಹೋದ ಹುಡುಗಿ ಎಂದು ನನಗೆ ಹೆಸರಾಯಿತು. ಎದುರಿಗೆ ಅಲ್ಲ, ಅವರು ಬರುವ ಮೊದಲೇ ಹೋಗಿದ್ದೆ ಎಂದು ಕೇಳಿದವರಿಗೆಲ್ಲ ತಿದ್ದಿ ಹೇಳುತ್ತಿದ್ದೆ. ಪಾಸಾದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ ಎಂದು ಅವ್ವ ದಿನಾ ದೇವರಿಗೆ ದೀಪ ಹಚ್ಚುತ್ತಿದ್ದಳು.

ಚಳಿಗಾಲದಲ್ಲಿ ಫಲಿತಾಂಶ ಬಂತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಶಾಲೆಗೆ ಹೋಗಿ ನೋಡಿಕೊಂಡು ಬಂದವರು ದೊಡ್ಡಪ್ಪನೇ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಎರಡು ತಿಂಗಳ ಮೇಲೆ ಮೊದಲ ಮಾತಾಡಿದರು.

“ಮೂವತ್ತೊಂದು. ಮತ್ತ ನಪಾಸು.” ಪಡಸಾಲೆಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದರು. “ಕೇಳ್ಸಿತಿಲ್ಲ? ಮನಿ ಮರ್ಯಾದಿ ಕಳದು, ಬಂದ ಸಂಬಂಧ ಕಳದು, ಏನ ತಂದಳು ನಿನ್ನ ಮಗಳು?”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಎದ್ದು ನಿಂತರು.

“ನಪಾಸ್ ಆಗ್ಯಾಳ ಅಣ್ಣಾ,” ಎಂದರು. “ಆದ್ರ ಮನ್ಯಾಗ ಕುಂತು ಆಗಿಲ್ಲ. ಹೋಗಿ ಬರ್ದು ಆಗ್ಯಾಳ.”

ದೊಡ್ಡಪ್ಪ ತಮ್ಮನ ಮುಖವನ್ನೇ ನೋಡುತ್ತ ನಿಂತರು. ನಾನು ಕೈ ತೊಳೆದುಕೊಂಡು ಹೊರಗೆ ಬಂದು ಅಪ್ಪನ ಪಕ್ಕದಲ್ಲಿ ನಿಂತೆ.

“ಮಾರ್ಚದಾಗ ಮತ್ತ ಪರೀಕ್ಷಾ ಅದ ರಿ ದೊಡ್ಡಪ್ಪಾ,” ಎಂದೆ. “ಆ ದಿವಸ ಯಾರಿಗೂ ಬರ್ರಿ ಅನ್ನಬ್ಯಾಡ್ರಿ. ನಾ ಮನ್ಯಾಗ ಇರಂಗಿಲ್ಲ.”